ಬ್ಯಾಪ್ಟಿಸ್ಟ್ ಮಾಸ್ಟ್ರ ಜಾಮೀನು ಬಿಡುಗಡೆ

ಶೀನನ ರಿಕ್ಷಾಕ್ಕೆ ಮೈಕು ಕಟ್ಟದೇ ಇದ್ದಿದ್ದರೆ ಬ್ಯಾಪ್ಟಿಸ್ಟ್ ಮಾಸ್ಟ್ರ ಮನೆಯಲ್ಲಿ ಆ ಬೆಳಿಗ್ಗೆ ಗಂಜಿ ತಣ್ಣಗಾಗುತ್ತಿರಲಿಲ್ಲ.

ಕಾಪುವಿನ ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಒಳಗಿನ ಓಣಿಯೊಂದರ ಕೊನೆಗೆ ಮಾಸ್ಟ್ರ ಮನೆ. ಹೈಸ್ಕೂಲಿನಲ್ಲಿ ಪೀಟಿ ಮಾಸ್ಟ್ರಾಗಿದ್ದು ನಿವೃತ್ತರಾದ ಮೇಲೂ ಅವರ ಬೆನ್ನು ಧ್ವಜದ ಕಂಬದ ಹಾಗೆ ನೆಟ್ಟಗಿತ್ತು. ಕೊರಳಲ್ಲಿ ಶಿಲುಬೆಯ ಪಕ್ಕದಲ್ಲೇ ಒಂದು ಸೀಟಿ ತೂಗುತ್ತಿತ್ತು. ಇಡೀ ಶಾಲೆಯನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಆ ಗಂಟಲಿಗೆ ಒಂದೇ ಒಂದು ಮಾತು ಮಾತ್ರ ಹತ್ತುತ್ತಿರಲಿಲ್ಲ: ‘ಆಗುವುದಿಲ್ಲ’. ಚಂದಾ ಕೇಳಲು ಬಂದವರಿಗೆ, ಏಣಿ ಕೇಳಲು ಬಂದವರಿಗೆ, ಸಾಲಕ್ಕೆ ಜಾಮೀನು ಹಾಕಿ ಎಂದು ಬಂದವರಿಗೆ ಎಲ್ಲರಿಗೂ ‘ಆಯಿತು’ ಎನ್ನುವುದೇ ಅವರ ಉತ್ತರ.

ಅವರು ಜಗಲಿಯಲ್ಲಿ ಕುಳಿತು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಶೀನ ರಿಕ್ಷಾವನ್ನು ಗೇಟಿನ ಎದುರು ತಂದು ನಿಲ್ಲಿಸಿದ. ರಿಕ್ಷಾದ ನೆತ್ತಿಯ ಮೇಲೆ ಕಟ್ಟಿದ್ದ ಎರಡು ಭೋಂಗಾಗಳಿಂದ ಅವನದೇ ಸ್ವರ ಹೊರಟಿತು.

“ಗಮನಿಸಿ, ಗಮನಿಸಿ! ಪಡುಗಡಲು ಗೃಹಸಾಲ ಸಹಕಾರಿ ಸಂಘದಲ್ಲಿ ನಾಳೆಯಿಂದ ಹೊಸ ಕಾನೂನು. ಮನೆಸಾಲಕ್ಕೆ ಇನ್ನು ಜಾಮೀನು ಬೇಡ. ಹಳೆಯ ಜಾಮೀನುದಾರರು ತಮ್ಮ ತಮ್ಮ ಸಾಲಗಾರರನ್ನು ಕರೆದುಕೊಂಡು ಇವತ್ತು ಸಂಜೆಯ ಒಳಗೆ ಉಡುಪಿಯ ಕಚೇರಿಗೆ ಬಂದರೆ ಬಿಡುಗಡೆ! ಬಾರದವರು ಸಾಲ ತೀರುವವರೆಗೆ ಒಳಗೆ!”

ಕೊನೆಯ ವಾಕ್ಯವನ್ನು ಸಂಘದವರು ಬರೆದುಕೊಟ್ಟಿರಲಿಲ್ಲ. ಅದು ಶೀನನ ಸ್ವಂತ ಕೊಡುಗೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅವನು ಮೈಕನ್ನು ಕೈಯಲ್ಲಿ ಹಿಡಿದುಕೊಂಡೇ, ಓಣಿಗೆ ಓಣಿಯೇ ಕೇಳುವಂತೆ, ಅಕ್ಕರೆಯಿಂದ ಕೇಳಿದ:

“ಮಾಸ್ಟ್ರೇ, ನಿಮ್ಮದು ಮೂರು ಉಂಟಲ್ವಾ?”

ಒಳಗೆ ಪಾತ್ರೆಯೊಂದು ನೆಲಕ್ಕೆ ಬಿತ್ತು. ಮಾಸ್ಟ್ರ ಹೆಂಡತಿ ಅಪೊಲೋನಿಯಾ ಬಾಯಿ ಹೊರಗೆ ಬಂದರು. ಸರಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರು ಹುಬ್ಬೇರಿಸಿ ‘ಎಂತ?’ ಎಂದರೆ ರೋಗಿಗಳು ಇಲ್ಲದ ಕಾಯಿಲೆಯನ್ನೂ ಒಪ್ಪಿಕೊಳ್ಳುತ್ತಿದ್ದರಂತೆ.

“ಎಂತ? ಮೂರಾ?”

“ಅದು, ಪೊಲ್ಲಿ...” ಎಂದು ಮಾಸ್ಟ್ರು ಹೆಂಡತಿಯ ಮುದ್ದಿನ ಹೆಸರು ಹಿಡಿದರು.

“ನನಗೆ ಗೊತ್ತಿರುವುದು ಈ ಶೀನನದ್ದು ಒಂದೇ. ಉಳಿದದ್ದು ಯಾರದ್ದು?”

“ಕಾರ್ಕಳದ ಗುಣವತಿಯದ್ದು. ಮತ್ತೆ ಮಣಿಪಾಲದಲ್ಲಿ ಆ ವಿಕಾಸ್ ಇದ್ದಾನಲ್ಲ, ಪರೇಡಿನಲ್ಲಿ ಎಡಗಾಲು ಬಲಗಾಲು ತಪ್ಪುತ್ತಿದ್ದ ಹುಡುಗ...”

“ಅವನಿಗೆ ಸ್ವಂತ ಕಾಲೇ ಗೊತ್ತಾಗುವುದಿಲ್ಲ, ಅವನ ಸಾಲಕ್ಕೆ ನೀವು ಜಾಮೀನು!” ಅಪೊಲೋನಿಯಾ ಬಾಯಿ ಕಂಬ ಹಿಡಿದು ನಿಂತರು. “ಕಟಪಾಡಿಯಲ್ಲಿ ನನ್ನ ಭಾವನಿಗೆ ಎಂತ ಆಯಿತು, ಮರೆತುಹೋಯಿತಾ? ಒಂದು ಲೋಟ ನೀರೂ ಕುಡಿಯದ ಮನೆಗೆ ಸಹಿ ಹಾಕಿ, ಮಗಳ ಮದುವೆಗೆ ಇಟ್ಟ ಎಫ್‌ಡಿ ಪೂರ್ತಿ ಹೋಯಿತು. ಇವತ್ತು ಮೂರರಿಂದಲೂ ಬಿಡಿಸಿಕೊಂಡು ಬನ್ನಿ. ಇಲ್ಲದಿದ್ದರೆ ರಾತ್ರಿ ಊಟಕ್ಕೆ ಇಲ್ಲಿಗೆ ಬರಬೇಡಿ.”

“ಬಾಯಮ್ಮ, ನೀವು ಹೆದರಬೇಡಿ,” ಎಂದು ಶೀನ ಸಮಾಧಾನ ಹೇಳಿದ. ಮೈಕು ಇನ್ನೂ ಬಾಯಿಯ ಹತ್ತಿರವೇ ಇದ್ದುದರಿಂದ ಸಮಾಧಾನವೂ ಓಣಿಗೆಲ್ಲ ಸಿಕ್ಕಿತು. “ನಾನೇ ಕರೆದುಕೊಂಡು ಹೋಗುತ್ತೇನೆ. ಹೇಗೂ ಊರೂರು ತಿರುಗಬೇಕು, ಡೀಸೆಲ್ ಸಂಘದ್ದು.”

ಗಂಜಿ ಹಾಗೆಯೇ ಉಳಿಯಿತು.

ಶಿರ್ವದ ದಾರಿಯಲ್ಲಿ ಗದ್ದೆಗಳು ಹಸಿರು ಹೊದ್ದು ಮಲಗಿದ್ದವು. ಮಳೆ ಬಿಟ್ಟು ಒಂದು ವಾರವಾಗಿರಬೇಕು, ಬಿಸಿಲಿಗೆ ಹೊಸ ರುಚಿ ಇತ್ತು. ಮಾಸ್ಟ್ರಿಗೆ ಅದು ಯಾವುದೂ ಕಾಣಿಸಲಿಲ್ಲ. ಅವರ ಮನಸ್ಸು ಹಳೆಯ ಕಾಲದ ಉಡುಪಿಯಲ್ಲಿ, ಜವಳಿ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ಸಂಘದ ಕಚೇರಿಯಲ್ಲಿ ಕುಳಿತುಬಿಟ್ಟಿತ್ತು.

ಎಂಥ ಕಾಲ ಅದು! ಮರದ ಮೆಟ್ಟಿಲು ಹತ್ತಿದರೆ ಹೊಸ ಬಟ್ಟೆಯ ವಾಸನೆ ಕಚೇರಿಯವರೆಗೂ ಬರುತ್ತಿತ್ತು. ಮ್ಯಾನೇಜರ್ ಲಿಯೋನೆಲ್ ಸಾಹೇಬರು ಸಾಲ ಕೇಳಲು ಬಂದವನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು, ಜಾಮೀನುದಾರನಿಗೆ ಕೈಯಿರುವ ಕುರ್ಚಿ. ಸಾಲಗಾರನಿಗೆ ಚಹಾ, ಜಾಮೀನುದಾರನಿಗೆ ಚಹಾದ ಜೊತೆಗೆ ಬನ್ಸು. ಈಗಿನ ಹಾಗೆ ಸ್ಕೋರು ಗೀರು ಎಂತದೂ ಇರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಮಾಸ್ಟ್ರೇ, ಹುಡುಗ ಹೇಗೆ?”

“ಲಾಂಗ್ ಜಂಪಿನಲ್ಲಿ ಗೆರೆ ದಾಟಿದರೆ ತಾನೇ ಬಂದು ಹೇಳುತ್ತಿದ್ದ, ಸಾಹೇಬ್ರೇ.”

“ಅಷ್ಟು ಸಾಕು. ಸಹಿ ಹಾಕಿ.”

ಹೀಗೆ ಲಾಂಗ್ ಜಂಪು, ಕಬಡ್ಡಿ, ಖೋಖೋಗಳ ಆಧಾರದ ಮೇಲೆ ಎಷ್ಟೋ ಮನೆಗಳು ಎದ್ದಿದ್ದವು. ಹೆಚ್ಚಿನವುಗಳ ಸಾಲ ತೀರಿಯೂ ಹೋಗಿತ್ತು. ಗೃಹಪ್ರವೇಶಕ್ಕೆ ಮಾಸ್ಟ್ರು ಹೋದರೆ ಮನೆಯ ಯಜಮಾನ ಇಂಜಿನಿಯರನನ್ನು ಬಿಟ್ಟು ಇವರ ಕಡೆಗೆ ಓಡಿಬರುತ್ತಿದ್ದ. ‘ಇವರು ನಮ್ಮ ಜಾಮೀನು’ ಎಂದು ನೆಂಟರಿಗೆ ಪರಿಚಯಿಸುತ್ತಿದ್ದ, ‘ಇವರು ನಮ್ಮ ಸೋದರಮಾವ’ ಎನ್ನುವ ಹಾಗೆ. ನಾಳೆಯಿಂದ ಆ ನೆಂಟಸ್ತಿಕೆಯೇ ಇಲ್ಲ ಎಂದು ನೆನೆದಾಗ ಮಾಸ್ಟ್ರಿಗೆ ಲೋಕವೇ ಖಾಲಿ ಕಂಡಿತು. ಅದು ಗಂಜಿ ಉಣ್ಣದ ಹಸಿವೂ ಇರಬಹುದು.

ರಿಕ್ಷಾ ಒಂದು ಗುಂಡಿಗೆ ಇಳಿದು ಎದ್ದಿತು. ಕೂಡಲೇ ನೆತ್ತಿಯ ಮೇಲಿನ ಭೋಂಗಾ ತಾನಾಗಿ ಬಾಯಿಬಿಟ್ಟಿತು. “ಗಮನಿಸಿ, ಗಮನಿಸಿ!”

“ನಿಲ್ಲಿಸು ಮಾರಾಯ ಅದನ್ನು.”

“ನಿಲ್ಲುವುದಿಲ್ಲ ಮಾಸ್ಟ್ರೇ. ರೆಕಾರ್ಡ್ ಮಾಡಿ ಹಾಕಿದ್ದು. ಒಳಗೆ ವಯರು ಲೂಸುಂಟು ಕಾಣುತ್ತದೆ, ಗುಂಡಿ ಸಿಕ್ಕಿದರೆ ಶುರು, ಇನ್ನೊಂದು ಗುಂಡಿ ಸಿಕ್ಕಿದರೆ ಬಂದ್.”

ರಸ್ತೆಯಲ್ಲಿ ಗುಂಡಿಗಳಿಗೆ ಬರವಿರಲಿಲ್ಲ. ಮಾತು ಎಲ್ಲೆಲ್ಲೋ ಶುರುವಾಗಿ ಎಲ್ಲೆಲ್ಲೋ ತುಂಡಾಗತೊಡಗಿತು. ಶಿರ್ವ ಪೇಟೆಯಲ್ಲಿ ಅದು ‘ಜಾಮೀನು... ಬಿಡುಗಡೆ! ಬಾರದವರು ಒಳಗೆ!’ ಎಂಬಷ್ಟನ್ನು ಮಾತ್ರ ಕೂಗಿ ಸುಮ್ಮನಾಯಿತು. ಆಗಷ್ಟೇ ಇಗರ್ಜಿಯಿಂದ ಇಳಿದು ಬರುತ್ತಿದ್ದ ಇಮೆಲ್ಡಾ ಬಾಯಿ, ಅಪೊಲೋನಿಯಾರ ದೂರದ ನೆಂಟರು, ರಿಕ್ಷಾದೊಳಗೆ ಇಣುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

“ಬ್ಯಾಪ್ಟಿಸ್ಟ್ ಮಾಮಾ! ನೀವಾ? ಯಾವ ಕೇಸು?”

“ಕೇಸಲ್ಲ ಬಾಯಿ. ಜಾಮೀನಿನ ವಿಷಯ.”

“ಜಾಮೀನು ಸಿಕ್ಕಿತಲ್ಲ, ದೇವರು ದೊಡ್ಡವನು. ಯಾರ ಹತ್ತಿರವೂ ಹೇಳುವುದಿಲ್ಲ ನಾನು,” ಎಂದು ಇಮೆಲ್ಡಾ ಬಾಯಿ ಆಗಲೇ ಚೀಲದಲ್ಲಿ ಮೊಬೈಲು ಹುಡುಕತೊಡಗಿದ್ದರು. ಮಾಸ್ಟ್ರು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಶೀನ ರಿಕ್ಷಾ ಓಡಿಸಿಯಾಗಿತ್ತು.

ಬೆಳ್ಮಣ್ಣಿನಲ್ಲಿ ಎಳನೀರಿನ ಅಂಗಡಿಯವನೊಬ್ಬ ಕೈ ಅಡ್ಡ ಹಿಡಿದು ನಿಲ್ಲಿಸಿದ. ಬೆನ್ನು ನೆಟ್ಟಗೆ, ಬಿಳಿ ಅಂಗಿ, ನೆತ್ತಿಯ ಮೇಲೆ ಭೋಂಗಾ. ಅವನಿಗೆ ಸಂಶಯವೇ ಉಳಿಯಲಿಲ್ಲ.

“ಎಲೆಕ್ಷನಿಗೆ ನಿಂತದ್ದಾ ಮಾಸ್ಟ್ರೇ? ಯಾವ ಪಕ್ಷ?”

“ಪಕ್ಷ ಅಲ್ಲ ಮಾರಾಯ, ಜಾಮೀನು!”

“ಓ, ಪಕ್ಷೇತರ,” ಎಂದು ಅವನು ಎರಡು ಎಳನೀರು ಕೆತ್ತಿ ಕೊಟ್ಟ. ದುಡ್ಡು ಕೊಡಲು ಹೋದರೆ, “ಗೆದ್ದ ಮೇಲೆ ನಮ್ಮ ಚರಂಡಿ ಒಮ್ಮೆ ನೋಡಿ,” ಎಂದು ಕೈಮುಗಿದ. ಮಾಸ್ಟ್ರು ಅಭ್ಯಾಸಬಲದಿಂದ ‘ಆಯಿತು’ ಎಂದರು.

ಕಾರ್ಕಳದಲ್ಲಿ ಗುಣವತಿಯ ಮನೆ ಬೆಟ್ಟದ ಮೇಲಿನ ಗೊಮ್ಮಟನಿಗೆ ಕಾಣುವಂಥ ಜಾಗದಲ್ಲಿತ್ತು. ಹೊರಗಿನ ಗೋಡೆಗೆ ಇನ್ನೂ ಗಾರೆ ಬಿದ್ದಿರಲಿಲ್ಲ, ಕೆಂಪುಕಲ್ಲು ಬರಿಮೈಯಲ್ಲಿ ನಿಂತಿತ್ತು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೊಂದನ್ನು ನಂಬಿ ಅವಳು ಎಬ್ಬಿಸಿದ ಮನೆ. ಹೈಸ್ಕೂಲಿನಲ್ಲಿ ಬರಿಗಾಲಲ್ಲಿ ಓಡಿ ಜಿಲ್ಲೆಗೇ ಮೊದಲು ಬಂದ ಹುಡುಗಿ. ಈಗ ಕೊರಳಲ್ಲಿ ಅಳತೆ ಪಟ್ಟಿ, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಆದರೂ ಮಾಸ್ಟ್ರ ಸ್ವರ ಕೇಳಿದ್ದೇ ಓಡಿಯೇ ಬಂದಳು.

ಚಾವಡಿಯಲ್ಲಿ ದೇವರ ಪಟಗಳ ಕೆಳಗೆ ಗಂಡನ ಫೋಟೋ, ಅದರ ಪಕ್ಕದಲ್ಲಿ ಶೀಲ್ಡು ಹಿಡಿದ ರಿಲೇ ತಂಡದ ನಡುವೆ ತೆಳ್ಳಗಿನ, ದಪ್ಪ ಮೀಸೆಯ ಬ್ಯಾಪ್ಟಿಸ್ಟ್ ಮಾಸ್ಟ್ರು. ತನ್ನನ್ನು ತಾನೇ ಅಷ್ಟು ಎಳೆಯವನಾಗಿ ನೋಡಿ ಮಾಸ್ಟ್ರು ಫೋಟೋದ ಎದುರೇ ನಿಂತುಬಿಟ್ಟರು. ಶೀನನೇ ವಿಷಯ ಹೇಳಿದ.

ಗುಣವತಿಯ ಮುಖ ಸಣ್ಣಗಾಯಿತು.

“ನಾನು ಎಂತ ತಪ್ಪು ಮಾಡಿದೆ ಮಾಸ್ಟ್ರೇ? ಒಂದು ಕಂತು ತಪ್ಪಿಸಿದ್ದುಂಟಾ?”

“ಇಲ್ಲ ಮಗಾ.”

“ಇವರು ಹೋದಾಗ ನೆಂಟರೆಲ್ಲ ಜಾಗ ಮಾರಿ ತವರಿಗೆ ಹೋಗು ಅಂದರು. ನೀವೊಬ್ಬರು ಬಂದು ಸಹಿ ಹಾಕಿದಿರಿ. ಕಂತು ಕಟ್ಟಲು ಕಷ್ಟ ಆದಾಗೆಲ್ಲ ನಾನು ನೆನೆಸುವುದು, ಮಾಸ್ಟ್ರ ಹೆಸರು ಕೆಡಬಾರದು ಎಂದು. ಈಗ ನೀವೇ ಕೈ ಬಿಡುತ್ತೀರಿ ಅಂದರೆ... ನಾನು ಸಹಿ ಹಾಕುವುದಿಲ್ಲ.”

“ಆಯಿತು, ಬೇಡ, ಇರಲಿ,” ಎಂದುಬಿಟ್ಟರು ಮಾಸ್ಟ್ರು.

“ಮಾಸ್ಟ್ರೇ!” ಶೀನ ಮೊಣಕೈಯಿಂದ ತಿವಿದ. “ಬಾಯಮ್ಮ! ರಾತ್ರಿಯ ಊಟ!”

ಮಾಸ್ಟ್ರು ಗೋಡೆಯ ಮೇಲಿನ ಫೋಟೋದ ಕಡೆಗೆ ಕೈ ತೋರಿಸಿದರು.

“ಗುಣವತಿ, ರಿಲೇಯಲ್ಲಿ ಕೋಲು ಕೈಗೆ ಕೊಟ್ಟ ಮೇಲೆ ಕೊಟ್ಟವನು ಎಂತ ಮಾಡಬೇಕು?”

“ಬಿಡಬೇಕು.”

“ಬಿಡದೆ ಹಿಡಿದುಕೊಂಡೇ ಇದ್ದರೆ?”

“ಇಬ್ಬರೂ ಬೀಳುತ್ತಾರೆ.” ಅವಳು ಕಣ್ಣೊರೆಸಿಕೊಂಡು ನಕ್ಕಳು. “ನೀವು ಆಗಲೂ ಹೀಗೆಯೇ, ಮಾತಿನಲ್ಲಿ ಗೆಲ್ಲುವುದು.”

ಸಹಿಗೆ ಬರುತ್ತೇನೆಂದಳು, ಆದರೆ ಉಣ್ಣದೆ ಬಿಡುವುದಿಲ್ಲವೆಂದಳು. ನೀರುದೋಸೆ, ಕೋಳಿ ಸಾರು, ಅದರ ಮೇಲೆ ಸಿಹಿಗೆ ಹಾಲುಬಾಯಿ. ಜಾಮೀನುದಾರನಾಗಿ ಉಣ್ಣುವ ಕೊನೆಯ ಊಟವೆಂದು ಮಾಸ್ಟ್ರು ಒಂದು ತುಣುಕು ಜಾಸ್ತಿಯೇ ತಿಂದರು. ಶೀನನಿಗೆ ಅಂಥ ಯಾವ ಕಾರಣವೂ ಇರಲಿಲ್ಲ, ಅವನು ಸುಮ್ಮನೆ ತಿಂದ.

ಹಿರಿಯಡ್ಕ, ಪರ್ಕಳ ದಾಟಿ ರಿಕ್ಷಾ ಮಣಿಪಾಲದ ಏರು ಹತ್ತುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಗುಣವತಿ ದಾರಿಯುದ್ದಕ್ಕೂ ಹಳೆಯ ಕ್ರೀಡಾಕೂಟಗಳನ್ನು ನೆನಪಿಸುತ್ತಿದ್ದಳು. ಈ ಗುಡ್ಡವೆಲ್ಲ ಬರಿ ಮುಳಿಹುಲ್ಲಾಗಿದ್ದ ಕಾಲವನ್ನು ಮಾಸ್ಟ್ರು ಕೇಳಿ ತಿಳಿದಿದ್ದರು. ಈಗ ಹುಲ್ಲಿನ ಜಾಗದಲ್ಲಿ ಕಟ್ಟಡಗಳು, ಕಟ್ಟಡದ ತುಂಬ ದೇಶದ ಎಲ್ಲ ಭಾಷೆಗಳನ್ನಾಡುವ ಮಕ್ಕಳು.

ವಿಕಾಸ್ ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಸರಿಯಾಗಿ ಅಂಗಡಿಯ ಎದುರೇ ಒಂದು ಹಂಪು. ಭೋಂಗಾ ಕೂಗಿತು: “ಪಡುಗಡಲು ಗೃಹಸಾಲ... ಸಾಲಗಾರರನ್ನು ಕರೆದುಕೊಂಡು...”

ಯಾರದೋ ಪ್ರಾಜೆಕ್ಟು ಜೆರಾಕ್ಸ್ ಮಾಡುತ್ತಿದ್ದ ವಿಕಾಸ್ ಒಮ್ಮೆ ತಲೆಯೆತ್ತಿ ನೋಡಿದ. ಮರುಕ್ಷಣ ಕೌಂಟರ್ ಹಾರಿದ. ವಿದ್ಯಾರ್ಥಿಗಳ ನಡುವೆ ನುಗ್ಗಿ ರಸ್ತೆ ದಾಟಿ ಎದುರಿನ ಓಣಿಯೊಳಗೆ ಮಾಯವಾದ.

“ಓಡಿದ!” ಎಂದು ಶೀನ ರಿಕ್ಷಾವನ್ನು ಓಣಿಗೆ ತಿರುಗಿಸಿದ. ಓಣಿಯಲ್ಲಿ ಬರೀ ಗುಂಡಿಗಳು. “ಗಮನಿಸಿ... ಒಳಗೆ... ಗಮನಿಸಿ... ಬಿಡುಗಡೆ...” ಹಾಸ್ಟೆಲಿನ ಕಿಟಕಿಗಳಿಂದ ಮಕ್ಕಳು ಮೊಬೈಲು ಹೊರಗೆ ಹಿಡಿದರು. ಗುಣವತಿ ರಿಕ್ಷಾದಿಂದ ಜಿಗಿದು ಸೀರೆ ಎತ್ತಿಕಟ್ಟಿ ಓಡಿದಳು, ಅವಳ ಕಾಲಿಗೆ ಇನ್ನೂ ವಯಸ್ಸಾಗಿರಲಿಲ್ಲ. ಓಣಿಯ ಕೊನೆಯಲ್ಲಿ ಅರ್ಧ ಕಟ್ಟಿ ಬಿಟ್ಟ ಎತ್ತರದ ಕಟ್ಟಡವೊಂದರ ಮೆಟ್ಟಿಲುಗಳನ್ನು ವಿಕಾಸ್ ಏರುತ್ತಿರುವುದು ಕಾಣಿಸಿತು.

ಮಾಸ್ಟ್ರು ರಿಕ್ಷಾದಿಂದ ಇಳಿದರು. ಸೀಟಿಯನ್ನು ಬಾಯಿಗಿಟ್ಟು ಒಂದೇ ಉಸಿರಿನಲ್ಲಿ ಊದಿದರು.

“ವಿಕಾಸ್! ಸಾವಧಾನ್!”

ಮೂರನೆಯ ಮಹಡಿಯಲ್ಲಿ ವಿಕಾಸ್ ನಿಂತಲ್ಲೇ ನಿಂತ. ಹಿಮ್ಮಡಿಗಳು ಕೂಡಿದವು, ಎದೆ ಮುಂದೆ ಬಂತು, ಕೈಗಳು ತೊಡೆಗೆ ಅಂಟಿದವು. ಕಟ್ಟಡದ ಬುಡದಲ್ಲಿ ಬೀಡಿ ಸೇದುತ್ತಿದ್ದ ವಾಚ್‌ಮನ್ ಕೂಡ ಎದ್ದು ನಿಂತ.

ಇವರು ಏದುಸಿರು ಬಿಡುತ್ತ ಮೇಲೆ ಹತ್ತಿದಾಗ ವಿಕಾಸನ ಕಣ್ಣು ತುಂಬಿತ್ತು.

“ಸಂಘದವರಿಗೆ ಹೆದರಿ ಓಡಿದ್ದಲ್ಲ ಮಾಸ್ಟ್ರೇ. ರಿಕ್ಷಾದಲ್ಲಿ ನಿಮ್ಮ ಮುಖ ಕಂಡಿತು, ಅದಕ್ಕೆ ಓಡಿದೆ. ನಾಲ್ಕು ಕಂತು ಬಾಕಿ ಉಂಟು.”

“ಮನೆ ತೆಗೆದುಕೊಂಡವನು ಕಂತು ಕಟ್ಟಬಾರದಾ? ಎಲ್ಲಿ ನಿನ್ನ ಮನೆ?”

“ಇದೇ.”

ಮಾಸ್ಟ್ರು ಸುತ್ತ ನೋಡಿದರು. ಮೇಲೊಂದು ಸ್ಲ್ಯಾಬು, ಕೆಳಗೊಂದು ಸ್ಲ್ಯಾಬು, ನಡುವೆ ಕಂಬಗಳು. ದೂರದಲ್ಲಿ ಒಂದು ಗೆರೆಯಷ್ಟು ಕಡಲು. ಅವರು ಎರಡು ಹೆಜ್ಜೆ ಮುಂದಿಟ್ಟರು.

“ಮಾಸ್ಟ್ರೇ, ಗೋಡೆ,” ಎಂದ ವಿಕಾಸ್ ಮೆಲ್ಲನೆ. “ನೀವೀಗ ಗೋಡೆಯೊಳಗಿಂದ ಬಂದಿರಿ. ಬಾಗಿಲು ಈಚೆ ಬರುತ್ತದೆ.”

ಮಾಸ್ಟ್ರು ಹಿಂದೆ ಸರಿದು, ಇಲ್ಲದ ಬಾಗಿಲಿನ ಎದುರು ಚಪ್ಪಲಿ ಕಳಚಿ, ಒಳಗೆ ಬಂದರು. ಗುಣವತಿಯೂ ಕಳಚಿದಳು. ಶೀನ ಮಾತ್ರ, “ನನಗೆ ಈ ಬೆಡ್‌ರೂಮು ಸ್ವಲ್ಪ ಸಣ್ಣ ಕಂಡಿತು,” ಎಂದ.

ಕತೆ ಉದ್ದವೇನಿರಲಿಲ್ಲ. ಬಿಲ್ಡರ್ ಮುಂದಿನ ದೀಪಾವಳಿಗೆ ಕೀಲಿಕೈ ಕೊಡುತ್ತೇನೆಂದಿದ್ದ. ಸಂಘವು ಸಾಲದ ಹಣವನ್ನೆಲ್ಲ ಒಟ್ಟಿಗೆ ಅವನ ಕೈಗೆ ಕೊಟ್ಟಿತ್ತು. ಆಮೇಲೆ ದೀಪಾವಳಿಗಳು ಬಂದವು, ಕೀಲಿಕೈ ಬರಲಿಲ್ಲ.

“ಅವನು ಕಟ್ಟಿದ್ದು ಕಂಬ, ನಾನು ಕಟ್ಟುವುದು ಕಂತು. ಅದರ ಮೇಲೆ ಈಗಿರುವ ಮನೆಗೆ ಬಾಡಿಗೆ. ಸಂಜೆ ಅಂಗಡಿ ಮುಚ್ಚಿ ಇಲ್ಲಿ ಬಂದು ಕೂರುತ್ತೇನೆ ಮಾಸ್ಟ್ರೇ. ಗಾಳಿ ಚೆನ್ನಾಗಿ ಬರುತ್ತದೆ.”

“ಗೋಡೆ ಇಲ್ಲದಿದ್ದರೆ ಬರದೆ ಮತ್ತೆಂತ,” ಎಂದ ಶೀನ.

ಬಿಡುಗಡೆಯ ಮಾತನ್ನು ವಿಕಾಸನೇ ಹೇಳಿದ. “ನಡೆಯಿರಿ, ಮೊದಲು ನಿಮ್ಮನ್ನು ಬಿಡಿಸುವ. ನನ್ನ ಜೊತೆ ನೀವೂ ಮುಳುಗುವುದು ಬೇಡ.”

ಶೀನನ ರಿಕ್ಷಾ ಮೂವರನ್ನು ಹಿಂದೆ ಹೊತ್ತು ಇಂದ್ರಾಳಿಯ ಇಳಿಜಾರಿನಲ್ಲಿ ತೇಲುತ್ತ ಉಡುಪಿಗೆ ಇಳಿಯಿತು.

ಸಂಘದ ಕಚೇರಿ ಈಗ ಮಾಳಿಗೆಯ ಮೇಲಿರಲಿಲ್ಲ. ಗಾಜಿನ ಬಾಗಿಲು, ಟೋಕನ್ ಕೊಡುವ ಯಂತ್ರ, ಎಲ್ಲರಿಗೂ ಒಂದೇ ಬಗೆಯ ಕಬ್ಬಿಣದ ಕುರ್ಚಿ. ಯಾರು ಸಾಲಗಾರ, ಯಾರು ಜಾಮೀನುದಾರ ಎಂದು ಕುರ್ಚಿ ನೋಡಿ ಹೇಳುವಂತಿರಲಿಲ್ಲ. ಹೊಸ ಮ್ಯಾನೇಜರ್ ಬ್ರ್ಯಾಂಡನ್ ಒಳ್ಳೆಯ ಹುಡುಗ. ಎದ್ದು ಬಂದು ಎಲ್ಲರನ್ನೂ ತನ್ನ ಕೋಣೆಗೆ ಕರೆದುಕೊಂಡು ಹೋದ.

“ಅಂಕಲ್, ಹಳೆಯ ಕ್ರಮ ಹೇಗಿತ್ತು ಗೊತ್ತಲ್ವಾ? ಸಾಲಗಾರ ಕಟ್ಟದಿದ್ದರೆ ಜಾಮೀನುದಾರ ಮುಳುಗುವುದು. ಅವನಿಂದಲೂ ಆಗದಿದ್ದರೆ ಸಂಘ ಮುಳುಗುವುದು. ಸಂಘ ಮುಳುಗಿದರೆ ಸರಕಾರ ಬಂದು ಎತ್ತುವುದು. ಸರಕಾರದ್ದು ಎಂದರೆ ಯಾರ ಹಣ? ತೆರಿಗೆ ಕಟ್ಟುವವರದ್ದು.”

“ಅಂದರೆ ತೆರಿಗೆ ಕಟ್ಟುವವನೂ ನನ್ನ ಹಾಗೆಯೇ,” ಎಂದರು ಮಾಸ್ಟ್ರು. “ಕೇಳದೆಯೇ ಊರಿಗೆಲ್ಲ ಜಾಮೀನು.”

“ಕರೆಕ್ಟ್! ನಿಮಗೆ ಬನ್ಸಾದರೂ ಸಿಗುತ್ತಿತ್ತು, ಅವನಿಗೆ ಅದೂ ಇಲ್ಲ. ಇನ್ನು ಇದು ನಡೆಯುವುದಿಲ್ಲ. ಮನೆ ಕೊಳ್ಳುವವರು ಮೊದಲು ತಮ್ಮದೂ ಸ್ವಲ್ಪ ಹಾಕಬೇಕು. ಸಾಲಕ್ಕೆ ವಿಮೆ. ಬಿಲ್ಡರನಿಗೆ ಗೋಡೆ ಎದ್ದಷ್ಟೇ ಹಣ, ಗೋಡೆ ಇಲ್ಲ, ಹಣ ಇಲ್ಲ.”

ವಿಕಾಸ್ ನಿಟ್ಟುಸಿರು ಬಿಟ್ಟ. “ನನ್ನ ಗೋಡೆ?”

ಬ್ರ್ಯಾಂಡನ್ ಅವನ ಕಡತ ನೋಡಿದ. ತಪ್ಪು ಬಿಲ್ಡರನದು, ಹಣವನ್ನು ಒಟ್ಟಿಗೆ ಕೊಟ್ಟ ಸಂಘದ್ದೂ ಹೌದು, ಆದ್ದರಿಂದ ಮನೆ ಕೈಗೆ ಸಿಗುವವರೆಗೆ ಬಡ್ಡಿಯನ್ನಷ್ಟೇ ಕಟ್ಟಿದರೆ ಸಾಕೆಂದ. ವಿಕಾಸ್ ಕುಳಿತಲ್ಲೇ ಸಾವಧಾನ್ ಆದ. ಶೀನನೂ ಸೇರಿ ಮೂವರು ಸಾಲಗಾರರೂ ಸಹಿ ಹಾಕಿದರು. ಬ್ರ್ಯಾಂಡನ್ ಎದ್ದು ಕೈಕುಲುಕಿ, “ಅಂಕಲ್, ನೀವು ಫ್ರೀ,” ಎಂದ.

ಹೆಗಲಿನ ಭಾರ ಇಳಿದು ಹಗುರಾಗಬೇಕಿತ್ತು. ಬದಲಿಗೆ ಮಾಸ್ಟ್ರಿಗೆ ಹಲ್ಲು ಕೀಳಿಸಿಕೊಂಡು ಬಂದ ಹಾಗಾಯಿತು; ನೋವಿಲ್ಲ, ಆದರೆ ನಾಲಿಗೆ ಮತ್ತೆ ಮತ್ತೆ ಖಾಲಿ ಜಾಗಕ್ಕೇ ಹೋಗುತ್ತದೆ.

“ಇನ್ನೊಂದು ವಿಷಯ,” ಎಂದು ಬ್ರ್ಯಾಂಡನ್ ಗಂಟಲು ಸರಿಮಾಡಿಕೊಂಡ. “ಸರಕಾರದವರು ಒಂದು ಮಾತು ಹೇಳಿದ್ದಾರೆ. ನಾಳೆ ಸಂಘಕ್ಕೆ ಕಷ್ಟ ಬಂದರೆ ನಮ್ಮ ಹತ್ತಿರ ಬರಬೇಡಿ, ನಿಮ್ಮ ಹೊಣೆ ನೀವೇ ಹೊರಬೇಕು ಎಂದು. ಅದಕ್ಕೆ ಊರಿನ ಮರ್ಯಾದಸ್ಥರದ್ದು ಒಂದು ಹೊಣೆಗಾರರ ಮಂಡಳಿ ಮಾಡುತ್ತಾ ಇದ್ದೇವೆ. ಒಬ್ಬೊಬ್ಬರ ಸಾಲಕ್ಕೆ ಜಾಮೀನು ಹಾಕುವ ರಗಳೆ ಇಲ್ಲ. ಒಮ್ಮೆ ಸಹಿ ಹಾಕಿದರೆ ಎಲ್ಲ ಸಾಲಕ್ಕೂ ಆಯಿತು.”

“ಎಲ್ಲ ಸಾಲಕ್ಕೂ?”

“ಹೆಸರಿಗೆ ಮಾತ್ರ ಅಂಕಲ್. ಏನೂ ಆಗುವುದಿಲ್ಲ. ಲಿಯೋನೆಲ್ ಸಾಹೇಬರ ಕಾಲದವರು ಎಂದು ನಿಮ್ಮ ಹೆಸರೇ ಎಲ್ಲರ ಬಾಯಲ್ಲಿ.”

ಅಷ್ಟರಲ್ಲಿ ಯಾರೋ ಚಹಾ ತಂದಿಟ್ಟರು. ತಟ್ಟೆಯಲ್ಲಿ ಬನ್ಸು ಬೇರೆ. ಗುಣವತಿಯ ಮುಖ ಅರಳಿತು. “ಮಾಸ್ಟ್ರೇ, ನೀವಿದ್ದರೆ ನಮಗೆ ಧೈರ್ಯ,” ಎಂದಳು. “ಹೌದು ಮಾಸ್ಟ್ರೇ,” ಎಂದ ವಿಕಾಸ್. ಶೀನ ಆಗಲೇ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಿದ್ದ.

ಮಾಸ್ಟ್ರ ಬಾಯಿಗೆ ‘ಆಯಿತು’ ಬಂದೇಬಿಟ್ಟಿತ್ತು. ತುಟಿಯ ಹತ್ತಿರ ಅದು ನಿಂತಿತು. ಬೆಳಿಗ್ಗೆ ಕಂಬ ಹಿಡಿದು ನಿಂತಿದ್ದ ಅಪೊಲೋನಿಯಾ ಕಣ್ಣೆದುರು ಬಂದಳು. ಸಂಸಾರ ಹೂಡಿದ ದಿನದಿಂದ ಅವಳು ಕೇಳಿದ್ದು ಇದೊಂದೇ. ಮಾಸ್ಟ್ರು ಎದ್ದು ನಿಂತರು, ಉಸಿರು ಎಳೆದುಕೊಂಡರು.

“ಆಗುವುದಿಲ್ಲ!”

ಅಭ್ಯಾಸವಿಲ್ಲದ ಮಾತು, ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ಅಂದಾಜು ಸಿಗಲಿಲ್ಲ. ಅದು ಮೈದಾನದ ಸ್ವರದಲ್ಲಿ ಹೊರಟಿತು. ಹೊರಗಿನ ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಬ್ರ್ಯಾಂಡನ್ನನ ಕೈಯ ಚಹಾ ತುಳುಕಿತು. ಶೀನ ಬಾಯಿ ತೆರೆದು, ತನ್ನ ನೆರೆಮನೆಯಾತನನ್ನು ಮೊದಲ ಸಲ ನೋಡುವವನಂತೆ ನೋಡಿದ. ಮಾಸ್ಟ್ರು ಬನ್ಸನ್ನೂ ಮುಟ್ಟದೆ ಹೊರಗೆ ನಡೆದರು.

ಕಾಪುವಿಗೆ ಮರಳುವಾಗ ಸೂರ್ಯ ಕಡಲಿಗೆ ಇಳಿಯುತ್ತಿದ್ದ. ಜಗಲಿಯಲ್ಲಿ ಅಪೊಲೋನಿಯಾ ಬಾಯಿ ಕಾದು ಕುಳಿತಿದ್ದರು. ಯಾಕೋ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು.

“ಶಿರ್ವದ ಇಮೆಲ್ಡಾ ಫೋನ್ ಮಾಡಿದ್ದಳು. ನೀವು ಜಾಮೀನಿನ ಮೇಲೆ ಹೊರಗೆ ಬಂದಿರಂತೆ, ಧೈರ್ಯವಾಗಿರು ಅಂದಳು.”

“ಬಂದೆ ಪೊಲ್ಲಿ, ಮೂರರಿಂದಲೂ ಬಂದೆ!” ಮಾಸ್ಟ್ರು ಅವಳ ಪಕ್ಕದಲ್ಲಿ ಕುಳಿತು ಗುಣವತಿಯ ಫೋಟೋ, ವಿಕಾಸನ ಗೋಡೆ, ಬ್ರ್ಯಾಂಡನ್ನನ ಬನ್ಸು ಎಲ್ಲ ಹೇಳಿದರು. “ಮಂಡಳಿಗೆ ಸೇರಿ ಎಂದ. ಊರಿನ ಸಾಲಕ್ಕೆಲ್ಲ ಸಹಿ ಹಾಕಿ ಎಂದ. ಎಂತ ಹೇಳಿದೆ ಗೊತ್ತುಂಟಾ? ಆಗುವುದಿಲ್ಲ ಅಂದೆ.”

ಅಪೊಲೋನಿಯಾ ಬಾಯಿಯ ಹುಬ್ಬು ಮೇಲೇರಿತು.

“ನಂಬಿಕೆ ಇಲ್ಲದಿದ್ದರೆ ಶೀನನನ್ನು ಕೇಳು.”

“ನಿಜವಾಗಿ ಅಂದಿರಾ? ಆಗುವುದಿಲ್ಲ ಅಂತ? ನೀವು?”

“ಇಡೀ ಕಚೇರಿಗೆ ಕೇಳುವ ಹಾಗೆ.”

ಅಪೊಲೋನಿಯಾ ಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಮದುವೆಯಾದ ಹೊಸದರಲ್ಲಿ ಅವರು ಹಾಗೆ ಮಾಡುವುದನ್ನು ಮಾಸ್ಟ್ರು ಕಂಡಿದ್ದರು, ಆಮೇಲೆ ಕಂಡಿರಲಿಲ್ಲ.

“ಮಧ್ಯಾಹ್ನ ಕಾಪು ಬ್ರಾಂಚಿನಿಂದ ಆ ವಿಲ್ಮಾ ಬಂದಿದ್ದಳು,” ಎಂದು ಅವರು ಅಂಗಳ ನೋಡುತ್ತ ಹೇಳಿದರು. “ಉಡುಪಿಯಲ್ಲಿ ಮಾಸ್ಟ್ರನ್ನು ಹೊಣೆಗಾರರ ಮಂಡಳಿಗೆ ಹಿಡಿಯಲು ಕಾದಿದ್ದಾರೆ ಅಂದಳು. ನಿಮ್ಮ ಬಾಯಲ್ಲಿ ‘ಇಲ್ಲ’ ಬರುವುದಿಲ್ಲ ಎಂದು ನನಗೆ ಗೊತ್ತಿಲ್ವಾ? ಎಂತ ಮಾಡುವುದು ಎಂದು ಕೇಳಿದೆ. ಒಂದು ಮನೆಯಿಂದ ಒಬ್ಬರನ್ನು ಮಾತ್ರ ತೆಗೆದುಕೊಳ್ಳುವುದಂತೆ. ಮನೆಯಲ್ಲಿ ಬೇರೆ ಯಾರಾದರೂ ಮೊದಲೇ ಸೇರಿದರೆ ಮತ್ತೆ ನಿಮ್ಮ ಸಹಿ ನಡೆಯುವುದಿಲ್ಲವಂತೆ.”

ಮಾಸ್ಟ್ರು ನಿಧಾನವಾಗಿ ಅವಳ ಕಡೆಗೆ ತಿರುಗಿದರು.

“ಅದಕ್ಕೆ... ನಿಮ್ಮನ್ನು ಉಳಿಸುವ ಎಂದು... ನಾನೇ ಹಾಕಿದೆ.”

“ಯಾವ ಸಾಲಕ್ಕೆ?”

“ಎಲ್ಲದಕ್ಕೂ. ಕಾಪು, ಉಡುಪಿ, ಮಣಿಪಾಲ, ಕಾರ್ಕಳ. ಗಂಡನ ಆಸ್ತಿಯೂ ಹೆಂಡತಿಯದ್ದೂ ಒಟ್ಟಿಗೇ ಲೆಕ್ಕಕ್ಕೆ ಬರುತ್ತದಂತೆ. ಹೆಸರಿಗೆ ಮಾತ್ರ ಅಂತೆ, ಏನೂ ಆಗುವುದಿಲ್ಲವಂತೆ.”

ಕಡಲಿನ ಸದ್ದು ಜಗಲಿಯವರೆಗೂ ಬಂದು ಹಿಂದೆ ಹೋಯಿತು. ಅಪೊಲೋನಿಯಾರ ಮುಖದಲ್ಲಿ ಪಶ್ಚಾತ್ತಾಪದ ಬೆನ್ನಿಗೇ ಬೇರೊಂದು ಬೆಳಕು ಮೂಡುತ್ತಿತ್ತು.

“ನೋಡಿ, ಬ್ರಾಂಚಿಗೆ ಹೋದರೆ ಎಷ್ಟು ಮರ್ಯಾದೆ ಮಾಡಿದರು! ಎಲ್ಲರೂ ಎದ್ದು ನಿಂತರು. ‘ಸಿಸ್ಟರ್ ಅಪೊಲೋನಿಯಾ ಸಹಿ ಹಾಕಿದರೆ ಊರೇ ಸಹಿ ಹಾಕಿದ ಹಾಗೆ’ ಅಂದರು. ನಾನು ಇಂಜೆಕ್ಷನ್ ಕೊಟ್ಟ ಮಕ್ಕಳೇ ಈಗ ಅಲ್ಲಿ ಮೇಜಿನ ಹಿಂದೆ ಕೂತಿದ್ದಾರೆ. ಸಾಲಕ್ಕೆ ಬಂದ ಒಬ್ಬಳು ಕಾಲಿಗೆ ಬಿದ್ದಳು. ನೀವು ಇಷ್ಟು ವರ್ಷ ಯಾಕೆ ಹೋಗುತ್ತಿದ್ದಿರಿ ಎಂದು ನನಗೆ ಇವತ್ತು ಗೊತ್ತಾಯಿತು.” ಅವರು ಎದ್ದು ಸೀರೆಯ ನೆರಿಗೆ ಸರಿಪಡಿಸಿಕೊಂಡರು. “ನಾಳೆ ಉಡುಪಿಯಲ್ಲಿ ಮೊದಲ ಮೀಟಿಂಗ್ ಉಂಟು. ಒಬ್ಬಳೇ ಹೋಗಲು ನನಗೆ ಒಂದು ನಮೂನೆ. ನೀವೂ ಬನ್ನಿ, ಆಗದಾ?”

ಮಾಸ್ಟ್ರು ಎದ್ದು ನಿಂತು ಉಸಿರು ಎಳೆದುಕೊಂಡರು. ಎಳೆದ ಉಸಿರನ್ನು ಹಾಗೆಯೇ ಹೊರಗೆ ಬಿಟ್ಟರು.

“ಆಯಿತು,” ಎಂದರು.